ಒಗೆಯದ ಕಂಬಳಿ

ಮೊದಲು ಧರ್ಮಣ್ಣ, ಭೀಮವ್ವರ ಮದುವೆ. ಅದರ ಮರುವರ್ಷ ರೋಗ ಬಡಿದು ಕುರಿಮಂದೆ ಕರಗಿತು. ಧರ್ಮಣ್ಣ ಕೆಲಸ ಹುಡುಕಿಕೊಂಡು ತಾಂಡೂರಿಗೆ ಹೋದ. ಆಮೇಲೆ ಮಗ ಸಿದ್ದರಾಮ ಹುಟ್ಟಿದ. ಮಗ ನಡೆಯಲು ಕಲಿಯುವ ಹೊತ್ತಿಗೆ ಧರ್ಮಣ್ಣ ಊರಿಗೆ ಮರಳಿ ಮತ್ತೆ ಕುರಿ ಕಟ್ಟಿದ. ಅಲ್ಲಿಂದ ಮುಂದೆ, ಆ ಮಗ ಬೆಳೆದು ಮದುವೆಯಾಗುವವರೆಗೂ, ಬರೆಯುವಂಥದ್ದೇನೂ ಇಲ್ಲ. ಕಳೆದ ಬೇಸಿಗೆಯಲ್ಲಿ ಭೀಮವ್ವನ ಎದೆಯಲ್ಲಿ ನೋವು ಕಾಣಿಸಿಕೊಂಡಿತು.

ಸ್ವಾತಿ ಇಷ್ಟನ್ನೂ ಅಂಗಳದ ತಾಂಡೂರು ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದರ ಕೆಳಗೊಂದು ಬರೆದಿದ್ದಳು. ಕೊನೆಯ ಸಾಲಿಗೂ ಅದರ ಹಿಂದಿನದಕ್ಕೂ ನಡುವೆ ಬಿಟ್ಟಿದ್ದ ಖಾಲಿ ಜಾಗದ ಮೇಲೆ ಬೆರಳಿಟ್ಟಳು.

“ಯಜಮಾನ್ರ, ಈ ರೋಗದ ಗುರುತೇ ಈ ಖಾಲಿ ಜಾಗ. ಕಲ್ನಾರಿನ ಧೂಳು ಇವತ್ತು ಉಸಿರಿನ್ಯಾಗ ಹೋದ್ರ ಇವತ್ತೇ ಏನೂ ಆಗಂಗಿಲ್ಲ. ಇಪ್ಪತ್ತು, ಮೂವತ್ತು ವರ್ಷ ಸುಮ್ಮನ ಕೂಡ್ತದ. ಆಮ್ಯಾಲ ಏಳ್ತದ.”

ಧರ್ಮಣ್ಣ ಕಲ್ಲನ್ನೇ ನೋಡುತ್ತ ಕುಳಿತ. ಹೈದರಾಬಾದಿನ ವೈದ್ಯರು ಅವನ ಹೆಂಡತಿಯ ರೋಗಕ್ಕೆ ಮೆಸೊಥೆಲಿಯೋಮ ಎಂದು ಹೆಸರು ಹೇಳಿದ್ದರು. ಶ್ವಾಸಕೋಶವನ್ನು ಸುತ್ತಿದ ತೆಳುಪೊರೆಯ ಕ್ಯಾನ್ಸರ್, ಕಾರಣ ಬಹುಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆದರೆ ನಾರಾಯಣಖೇಡದ ಹೊರವಲಯದ ಈ ಕುರುಬರ ಮನೆಗೆ ಕಲ್ನಾರು ಬೆರೆತ ಸಿಮೆಂಟ್ ಶೀಟಿನ ಛಾವಣಿಯಿಲ್ಲ. ಸುತ್ತ ಕಾರ್ಖಾನೆಯಿಲ್ಲ. ಭೀಮವ್ವ ತನ್ನ ಜೀವಮಾನದಲ್ಲಿ ಒಂದು ದಿನವೂ ಕೂಲಿಗೆ ಹೊರಗೆ ಹೋದವಳಲ್ಲ.

ಜಹೀರಾಬಾದಿನಲ್ಲಿ ಸಣ್ಣದೊಂದು ಪ್ರಯೋಗಾಲಯ ಇಟ್ಟುಕೊಂಡು ಇಂಥ ಪ್ರಕರಣಗಳ ಜಾಡು ಹಿಡಿಯುವ ಸ್ವಾತಿಯನ್ನು ಕರೆಸಿದವಳು ಸೊಸೆ ಸರಿತಾ. ಅವಳು ಬಸುರಿ. ಅವಳ ಪ್ರಶ್ನೆ ಒಂದೇ ಆಗಿತ್ತು: “ಅತ್ತಿಯವರಿಗಿ ಹತ್ತಿದ್ದು ಇನ್ನೂ ಈ ಮನ್ಯಾಗ ಅದ ಏನ್ರಿ? ಇದ್ರ ನಂಗೂ ನನ್ನ ಕೂಸಿಗೂ ಹತ್ತತದ.”

“ಯವ್ವಾ, ಇನ್ನೊಮ್ಮೆ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಎಂದಳು ಸ್ವಾತಿ. “ಇವರು ತಾಂಡೂರಿನಿಂದ ಬಂದಾಗ ಇವರ ಬಟ್ಟಿ ನೀವು ಒಗೀತಿದ್ರೇನು?”

ಭೀಮವ್ವ ಕಂಬಕ್ಕೆ ಒರಗಿ ಉಣ್ಣೆ ನೂಲುತ್ತಿದ್ದಳು. ರಾಟಿ ನಿಲ್ಲಲಿಲ್ಲ.

“ದವಾಖಾನ್ಯಾಗೂ ಅದನ್ನೇ ಕೇಳಿದ್ರವ್ವ. ಇಲ್ಲ ಅಂದೀನಿ. ಈ ಮನುಷ್ಯ ತನ್ನ ಧೋತರ ತಾನೇ ಅಲ್ಲೇ ಹಿಂಡ್ಕೊಂಡು ಬರ್ತಿದ್ದ. ಅಷ್ಟರ ಮಟ್ಟಿಗೆ ಪುಣ್ಯವಂತಿ ನಾ.”

“ಮತ್ತ ನಾ ಅಲ್ಲಿ ಏನು ಮುಟ್ಟೀನಿ?” ಧರ್ಮಣ್ಣ ಸಿಡುಕಿದ. “ಶೀಟು ಕಂಪನಿ ಗೋದಾಮಿನ ಬಾಗಲಾಗ ಕಾವಲು ಕೂಡೋದು. ಬೆಳಕು ಹರಿದ್ರ ಎದ್ದು ಬರೋದು. ಆತು.”

ಸ್ವಾತಿಯ ಜೊತೆಗಾರ ಜ್ಞಾನೇಶ್ವರ, ಪೊಲೀಸ್ ಇಲಾಖೆಯಿಂದ ಜಮಾದಾರನಾಗಿ ನಿವೃತ್ತನಾದವನು, ಆಗಷ್ಟೇ ಜೀಪು ನಿಲ್ಲಿಸಿ ಅಂಗಳಕ್ಕೆ ಬಂದ. ಹಿರಿಯರು ಬಂದರೆಂದು ಸರಿತಾ ಒಳಗಿನಿಂದ ಕರಿಕಂಬಳಿಯೊಂದನ್ನು ತಂದಳು. ಹಾಸುವ ಮೊದಲು, ವಾಡಿಕೆಯಂತೆ, ಎರಡು ತುದಿ ಹಿಡಿದು ಜೋರಾಗಿ ಜಾಡಿಸಿದಳು. ಓರೆಯಾಗಿ ಬೀಳುತ್ತಿದ್ದ ಬೆಳಗಿನ ಬಿಸಿಲಿನಲ್ಲಿ ಧೂಳು ಎದ್ದು, ತೇಲಿ, ನಿಧಾನವಾಗಿ ಭೀಮವ್ವನ ಕಡೆಗೆ ಸರಿಯಿತು.

“ಈಗಿನ ಹುಡಿಗೇರಿಗಿ ಕಂಬಳಿ ಜಾಡಸಾಕೂ ಬರಂಗಿಲ್ಲ,” ಭೀಮವ್ವ ಕೆಮ್ಮುತ್ತಲೇ ನಕ್ಕಳು. “ನಾ ಇದನ್ನ ಜಾಡಿಸಿದ್ರ ಸಪ್ಪಳ ಊರ ಬಾವಿ ತನಕ ಕೇಳ್ತಿತ್ತು. ಇವ ತಾಂಡೂರಿನಿಂದ ಬಂದ ಅಂತ ಮಂದಿಗಿ ಅದರಿಂದ್ಲೇ ಗೊತ್ತಾಗ್ತಿತ್ತು.”

“ನಿಲ್ಲಸ್ರಿ!” ಸ್ವಾತಿ ಕೂಗಿದಳು.

ಸರಿತಾಳ ಕೈ ಗಾಳಿಯಲ್ಲೇ ನಿಂತಿತು. ರಾಟಿಯೂ ನಿಂತಿತು.

“ಹಾಂಗೇ ಕೆಳಗ ಇಡ್ರಿ. ಮೆಲ್ಲಕ. ಇಟ್ಟು ಈ ಕಡಿ ಬರ್ರಿ.” ಸ್ವಾತಿ ಭೀಮವ್ವನತ್ತ ತಿರುಗಿದಳು. “ಯವ್ವಾ, ಈ ಕಂಬಳಿ ತಾಂಡೂರಿಗಿ ಹೋಗಿತ್ತೇನು?”

“ಹೋಗಿತ್ತು ಅಂತೀಯೇನು? ಅಲ್ಲಿ ಇದನ್ನೇ ಹಾಸ್ತಿದ್ದ, ಇದನ್ನೇ ಹೊದೀತಿದ್ದ.”

“ಒಮ್ಮೆರ ಒಗದೀರೇನು?”

ಈ ಮಾತಿಗೆ ಧರ್ಮಣ್ಣನೂ ನಕ್ಕುಬಿಟ್ಟ. “ಕಂಬಳಿ ಯಾರ್ ಒಗೀತಾರ್ರಿ? ಕಂಬಳಿಗಿ ಮೈಲಿಗಿ ಇಲ್ಲ. ಜಾಡಿಸಿದ್ರ ಮಡಿ.”

ಸ್ವಾತಿ ನಗಲಿಲ್ಲ. ಆಸ್ಪತ್ರೆಯವರು ಕೇಳಿದ್ದು ಒಗೆದ ಬಟ್ಟೆಯ ಬಗ್ಗೆ. ಭೀಮವ್ವ ಹೇಳಿದ ಉತ್ತರ ನಿಜವಾಗಿತ್ತು. ಒಗೆಯದೇ ಇದ್ದದ್ದನ್ನು ಯಾರೂ ಕೇಳಿರಲಿಲ್ಲ. ನೀರು ಬಿದ್ದಿದ್ದರೆ ನಾರು ಸ್ವಲ್ಪವಾದರೂ ತೊಳೆದು ಹೋಗುತ್ತಿತ್ತು. ಜಾಡಿಸಿದಾಗಲೆಲ್ಲ ಅದು ಜಾಡಿಸುವವಳ ಉಸಿರಿಗೇ ಬಂದಿತ್ತು.

ಇದು ಇನ್ನೂ ಊಹೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಊಹೆಗೆ ಮಾದರಿ ಬೇಕು.

ಎಲ್ಲರನ್ನೂ ಗಾಳಿ ಬರುವ ದಿಕ್ಕಿನ ಕಡೆಗೆ ಸರಿಸಿ, ಮುಖಕ್ಕೆ ಬಿಗಿಯಾಗಿ ಕೂರುವ ಶೋಧಕ ಮುಖಗವಸು ಹಾಕಿ, ಕೈಗವಸು ತೊಟ್ಟು, ಸೋಪು ಬೆರೆಸಿದ ನೀರಿನ ಸಿಂಪರಣೆ ಡಬ್ಬಿ ಎತ್ತಿಕೊಂಡಳು.

“ನೀರು ಬ್ಯಾಡ್ರಿ!” ಧರ್ಮಣ್ಣ ಅಡ್ಡ ಬಂದ. “ಬೀರಪ್ಪನ ಪೂಜಿಗಿ ಹಾಸೋ ಕಂಬಳಿ ಅದು. ಬೇಕಾದ್ರ ಇನ್ನೊಮ್ಮೆ ಜಾಡಿಸಿ ಕೊಡ್ತೀನಿ.”

“ಒಣಗಿದ ನಾರು ಹಾರ್ತದ, ಯಜಮಾನ್ರ. ಹಸಿ ಆದ್ರ ಕೂಡ್ತದ. ಜಾಡಸೋದೊಂದು ಬಿಟ್ಟು ಮತ್ತೇನು ಹೇಳ್ತೀರಿ ಹೇಳ್ರಿ.”

ಧರ್ಮಣ್ಣ ಕಂಬಳಿಯ ಮುಂದಿನಿಂದ ಕದಲಲಿಲ್ಲ. ಕಡೆಗೆ ಭೀಮವ್ವನೇ ಹೇಳಿದಳು: “ಹಾಕವ್ವ ನೀರು. ಬೀರಪ್ಪ ಕೇಳಿದ್ರ ನಾ ಜವಾಬು ಕೊಡ್ತೀನಿ. ಹ್ಯಾಂಗೂ ಎಲ್ಲಾರಕಿಂತ ಮೊದಲು ಅವನ್ನ ಕಾಣಾಕಿ ನಾನೇ.”

ಧರ್ಮಣ್ಣ ದಾರಿ ಬಿಟ್ಟ.

ಸ್ವಾತಿ ಕಂಬಳಿಯ ಅಂಚಿನ ಹೊಲಿಗೆಯ ಚಿತ್ರ ತೆಗೆದಳು. ನೀರನ್ನು ಮಂಜಿನಂತೆ ಸಿಂಪಡಿಸಿ, ಮೇಲ್ಮೈ ಒಳಗೆ ಬರುವಂತೆ ಮಡಿಚಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ಇನ್ನೊಂದರೊಳಗೆ ಇಟ್ಟಳು. ಚೀಲದ ಮೇಲೆ ಒಳಗೇನಿದೆ ಎಂದು ಬರೆದಳು. ಸರಿತಾ ಪೊರಕೆ ತರಲು ಹೊರಟಾಗ ತಡೆದಳು.

“ಕಸಬರಗಿ ಬ್ಯಾಡ. ಗುಡಿಸಿದ್ರ ಮತ್ತ ಏಳ್ತದ. ಒದ್ದಿ ಬಟ್ಟಿಲೆ ಒರಸೋದು, ಆ ಬಟ್ಟೀನೂ ಚೀಲದಾಗ ಹಾಕೋದು.”

ಇನ್ನೊಂದು ಕೆಲಸ ಉಳಿದಿತ್ತು. ಹೋಲಿಕೆಗೆ ಶುದ್ಧ ಉಣ್ಣೆ ಬೇಕು. ತಾಂಡೂರನ್ನು ಎಂದೂ ಕಾಣದ, ಇದೇ ಮನೆಯ ಉಣ್ಣೆ. ಭೀಮವ್ವ ನೂಲುತ್ತಿದ್ದದ್ದು ಅಂಥದ್ದೇ. ಈ ಮಳೆಗಾಲದ ಕೊನೆಗೆ ಸಿದ್ದರಾಮ ಕುರಿಗಳಿಂದ ಕತ್ತರಿಸಿ ತಂದದ್ದು, ಹುಟ್ಟಲಿರುವ ಕೂಸಿನ ಕಂಬಳಿಗೆಂದು ಬೇರೆ ಎತ್ತಿಟ್ಟದ್ದು.

“ಉಸಿರು ಇರೂ ತನಕ ಈ ನೂಲು ಮುಗಸ್ತೀನಿ,” ಎಂದಳು ಭೀಮವ್ವ. “ಅದಷ್ಟೇ ನನ್ನ ಕೆಲಸ ಉಳದದ್ದು.”

ಸ್ವಾತಿ ಹೊಸ ಕೈಗವಸು ತೊಟ್ಟು ಒಳಕೋಣೆಗೆ ಹೋಗಿ, ಬಾಯಿ ಕಟ್ಟಿದ್ದ ಚೀಲವೊಂದನ್ನು ಬಿಚ್ಚಿ, ಅದರ ನಡುವಿನಿಂದ ಹಿಡಿಯಷ್ಟು ಉಣ್ಣೆ ತೆಗೆದಳು.

“ಏನು ಛಲೋ ಉಣ್ಣಿ!” ಜ್ಞಾನೇಶ್ವರ ಬಾಗಿಲಲ್ಲಿ ನಿಂತಿದ್ದ ಸಿದ್ದರಾಮನಿಗೆ ಹೇಳಿದ. “ಇಷ್ಟು ಮಳಿ ಬಂದ್ರೂ ಕುರಿ ನೆನದಿಲ್ಲೇನೋ ತಮ್ಮಾ? ಎಲ್ಲಿ ನಿಂದರ್ಸಿದ್ದಿ?”

ಸಿದ್ದರಾಮ ಹೆಮ್ಮೆಯಿಂದ ಮೀಸೆ ಸವರಿದ. “ಜಹೀರಾಬಾದ್ ಕಡಿ ಒಂದು ಜಾಗ ಅದರಿ. ಎಲ್ಲಿ ಅಂತ ಹೇಳಂಗಿಲ್ಲ. ಹೇಳಿದ್ರ ನಾಳಿಗಿ ಬ್ಯಾರೆ ಮಂದಿ ಬಂದು ತಮ್ಮ ಕುರಿ ತುಂಬಿಬಿಡ್ತಾರ.”

“ಹೆಂಡ್ತಿಗರ ಹೇಳೀಯೋ ಇಲ್ಲೋ?”

“ಆಕಿಗಿ ಹೇಳಿದ್ರ ಆಕಿ ತವರುಮನಿ ಕುರಿನೂ ಬರ್ತಾವ್ರಿ.”

ಸರಿತಾ ಒಳಗಿನಿಂದಲೇ ಮೂಗು ಮುರಿದಳು. ಎಲ್ಲರೂ ನಕ್ಕರು.

*

ಮಧ್ಯಾಹ್ನ ಅವರು ತಾಂಡೂರು ತಲುಪಿದಾಗ ಕರಣಕೋಟದ ಕಡೆಯ ಸಿಮೆಂಟ್ ಲಾರಿಗಳು ದಾರಿ ಕಟ್ಟಿಕೊಂಡಿದ್ದವು. ಧರ್ಮಣ್ಣ ಹೇಳಿದ್ದ ಗೋದಾಮು ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಹಿಂದೆ, ರೈಲು ಹಳಿಗೆ ಹತ್ತಿ ಇತ್ತು. ಶೀಟು ತಯಾರಿಸುತ್ತಿದ್ದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅಂದು ಅಲ್ಲಿ ಮೇಲ್ವಿಚಾರಕನಾಗಿದ್ದ ಸಂಜೀವಕುಮಾರ ಈಗ ಜಾಗವನ್ನೇ ಕೊಂಡು ಕೆಡವಿಸುತ್ತಿದ್ದ.

ಛಾವಣಿಯ ಮೇಲೆ ಇಬ್ಬರು ಕೂಲಿಗಳು ಸುತ್ತಿಗೆಯಿಂದ ಸಿಮೆಂಟ್ ಶೀಟುಗಳನ್ನು ಒಡೆದು ಕೆಳಕ್ಕೆ ಎಸೆಯುತ್ತಿದ್ದರು. ಬಿದ್ದ ಪ್ರತಿ ತುಂಡಿನಿಂದಲೂ ಬೂದುಬಣ್ಣದ ಹೊಗೆಯಂಥ ಧೂಳು ಏಳುತ್ತಿತ್ತು.

ಸ್ವಾತಿ ಗಾಳಿಯ ದಿಕ್ಕು ನೋಡಿ ಜೀಪನ್ನು ದೂರ ನಿಲ್ಲಿಸಿದಳು. ಒಮ್ಮೆ ಬಳಸಿ ಬಿಸಾಡುವ ಮೇಲುಡುಪು, ಮುಖಗವಸು ಧರಿಸಿ ಇಬ್ಬರೂ ಒಳಗೆ ನಡೆದರು.

“ಯಾರ್ರಿ ನೀವು?” ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಸಂಜೀವಕುಮಾರ ಎದ್ದ. “ಇದೇನು ವೇಷ? ಜೇನು ಬಿಡಸಾಕ ಬಂದೀರೇನು?”

“ಮೊದಲು ಸುತ್ತಿಗಿ ನಿಲ್ಲಸ್ರಿ. ಮಾತು ಆಮ್ಯಾಲ.”

“ಸಿಮೆಂಟ್ ರೇಕು, ಬರೇ ಶೀಟು ಇವು, ಬಾಯಿ. ಬಜಾರದಾಗ ಖುಲ್ಲಾ ಮಾರ್ತಾರ. ನಂಗ ಕಾನೂನು ತೋರಸಬ್ಯಾಡ್ರಿ.”

“ರೇಕು ಇಡಿಯಾಗಿ ಇದ್ದಾಗ ನಾರು ಸಿಮೆಂಟಿನ್ಯಾಗ ಹಿಡಕೊಂಡು ಕೂತಿರ್ತದ. ಒಣಾ ಒಡದ್ರ ಬಿಟ್ಕೊಂಡು ಹಾರ್ತದ. ನೀರು ಹೊಡೀರಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಸ್ರಿ, ಪ್ಲಾಸ್ಟಿಕ್‌ನ್ಯಾಗ ಸುತ್ರಿ. ಆ ಇಬ್ಬರಿಗೂ ಸರಿಯಾದ ಮಾಸ್ಕ್ ಕೊಡ್ರಿ.”

“ಮುಖಕ್ಕ ದಸ್ತಿ ಕಟ್ಟಿಲ್ಲೇನು ಅವರು?”

“ಈ ನಾರಿಗಿ ದಸ್ತಿ ಅಂದ್ರ ತೆರೆದ ಬಾಗಿಲು.”

ಸಂಜೀವಕುಮಾರ ನಕ್ಕ. ಅಷ್ಟರಲ್ಲಿ ಜ್ಞಾನೇಶ್ವರ ಪಕ್ಕದ ಪಾಲಿಶ್ ಶೆಡ್ಡಿನಿಂದ ನೀರಿನ ಪೈಪು ಎಳೆದು ತಂದು ಶೀಟಿನ ರಾಶಿಯ ಮೇಲೆ ಬಿಟ್ಟಾಗಿತ್ತು. ಇನ್ನೊಂದು ಕೈಯಲ್ಲಿ ಮೊಬೈಲು. “ಮಾಲಿನ್ಯ ಮಂಡಳಿಯವರಿಗಿ ಹಚ್ಚೀನಿ, ಸಾಹೇಬ್ರ. ಎತ್ತಿದ್ರ ನೀವೇ ಮಾತಾಡ್ತೀರೋ, ನಾನೇ ಮಾತಾಡ್ಲೋ?”

ಸಂಜೀವಕುಮಾರ ಮೇಲಕ್ಕೆ ಕೈಸನ್ನೆ ಮಾಡಿದ. ಸುತ್ತಿಗೆಗಳು ನಿಂತವು.

“ಈಗ ಹೇಳ್ರಿ,” ಎಂದಳು ಸ್ವಾತಿ. “ನಾರಾಯಣಖೇಡ ಕಡಿ ಧರ್ಮಣ್ಣ ಅನ್ನೋರು ಇಲ್ಲಿ ರಾತ್ರಿ ಕಾವಲಿಗಿದ್ರು.”

“ಯಾರೂ ಇದ್ದಿಲ್ಲ.”

“ನೆನಪು ಮಾಡ್ಕೋರಿ. ಕುರುಬರವರು. ಕರಿಕಂಬಳಿ.”

“ಒಬ್ಬ ಕುರುಬನೂ ಈ ಹೊಸ್ತಿಲು ತುಳದಿಲ್ಲ ಬಾಯಿ. ಊರಾಗ ಯಾರಿಗರ ಕೆಮ್ಮು ಬಂದ್ರ ತಾಂಡೂರಿನ ಹೆಸರು ಹೇಳೋದು ಒಂದು ಚಟ ಆಗ್ಯಾದ.”

“ಹಾಂಗಿದ್ರ ಗೋದಾಮು ನೋಡಾಕ ನಿಮಗೇನು ಅಡ್ಡಿ ಇಲ್ಲ.”

ಅವನು ಜೀಪಿನತ್ತ ನೋಡಿದ, ಮೊಬೈಲಿನತ್ತ ನೋಡಿದ. “ನೋಡ್ಕೋರಿ. ಹೆಗ್ಗಣ ಬಿಟ್ರ ಏನಿಲ್ಲ.”

ಒಳಗೆ, ಹಿಂಗೋಡೆಯ ಮೂಲೆಯಲ್ಲಿ, ಖಾಲಿ ಚೀಲಗಳ ಹಳೆಯ ರಾಶಿಯೊಂದು ಕುಸಿದು ಬಿದ್ದಿತ್ತು. ಕಲ್ನಾರು ಬರುತ್ತಿದ್ದ ಚೀಲಗಳು. ಸ್ವಾತಿ ಮೊದಲು ನೀರು ಸಿಂಪಡಿಸಿದಳು, ಆಮೇಲೆ ಟಾರ್ಚು ಹಿಡಿದು ಬಗ್ಗಿದಳು. ಚೀಲಗಳ ಬಾಯಿಗೆ ಯಂತ್ರದ ಬಿಳಿ ಹತ್ತಿ ದಾರವಿತ್ತು. ಆದರೆ ಕೆಲವು ಚೀಲಗಳ ಹೊಟ್ಟೆ ಹರಿದಿತ್ತು. ಹರಿದ ಕಡೆಗಳಲ್ಲೆಲ್ಲ ಯಾರೋ ದಬ್ಬಣದಿಂದ ಕೈಹೊಲಿಗೆ ಹಾಕಿದ್ದರು.

ಆ ದಾರ ಹತ್ತಿಯದಲ್ಲ. ಕಪ್ಪಗೆ, ಒರಟಾಗಿ ಹುರಿಗೊಂಡ ಕುರಿಯುಣ್ಣೆ.

ಹೊಲಿಗೆಯೂ ಚೀಲದ ಹೊಲಿಗೆಯಲ್ಲ. ಒಂದು ಉದ್ದ ಎಳೆ, ಹಿಂದಕ್ಕೊಂದು ಕುಣಿಕೆ, ಮತ್ತೆ ಉದ್ದ ಎಳೆ. ಕಂಬಳಿಯ ಅಂಚು ಬಿಚ್ಚದಂತೆ ಹಾಕುವ ಹೊಲಿಗೆ.

ಒಂದು ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಿ ಹೊರಗೆ ಬಂದ ಸ್ವಾತಿ, ಬೆಳಿಗ್ಗೆ ತೆಗೆದ ಕಂಬಳಿಯಂಚಿನ ಚಿತ್ರವನ್ನೂ ಈಗಿನ ಚಿತ್ರವನ್ನೂ ಅವನ ಮುಂದೆ ಹಿಡಿದಳು.

“ಈ ಚೀಲಕ್ಕ ಉಣ್ಣಿ ದಾರಲೆ ಕಂಬಳಿ ಹೊಲಿಗಿ ಹಾಕಿದವರು ಯಾರು, ಸಂಜೀವಕುಮಾರರ? ಹೆಗ್ಗಣವೇನು?”

ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. ಮತ್ತೆ ಕುರ್ಚಿಯಲ್ಲಿ ಕುಳಿತ. ದನಿ ಇಳಿದಿತ್ತು.

“ಸುಮ್ಮನ ಕೂಡೋ ಮನುಷ್ಯ ಅಲ್ಲ ಅವ. ಹರದ ಚೀಲ ಕಂಡ್ರ ಅವನಿಗಿ ಕೈ ತಡೀತಿದ್ದಿಲ್ಲ. ತೊಡಿ ಮ್ಯಾಲ ಹಾಕ್ಕೊಂಡು ಕೂತು ಹೊಲೀತಿದ್ದ. ನಾವು ಹೊಲಿ ಅಂತ ಹೇಳಿದ್ದಿಲ್ಲ ಬಾಯಿ.”

“ಬ್ಯಾಡ ಅಂತನೂ ಹೇಳಿದ್ದಿಲ್ಲ.”

“ಮಾಲು ಉಳೀತದ ಅಂತ ಕಂಪನಿಯವರಿಗಿ ಖುಷಿ. ಮತ್ತ ಇಲ್ಲಿಗಿ ಬಿಳಿ ಕಲ್ನಾರು ಬಿಟ್ರ ಬ್ಯಾರೇದು ಬರ್ತಿದ್ದಿಲ್ಲ. ಬಿಳಿದು ಏನೂ ಮಾಡಂಗಿಲ್ಲ ಅಂತ ಅವರೇ ಹೇಳ್ತಿದ್ರು.”

“ಬಿಳಿದೂ ಕೊಲ್ತದ. ಬ್ಯಾರೆ ಬಣ್ಣದ್ದು ಎಂದೂ ಬಂದಿಲ್ಲೇನು? ಖರೆ ಹೇಳ್ರಿ.”

“ನನ್ನ ಮಕ್ಕಳಾಣಿ. ಬಿಳಿ ಒಂದೇ.”

ಸ್ವಾತಿ ಹೊರಡಲು ತಿರುಗಿದಾಗ ಅವನು ಹಿಂದಿನಿಂದ ಕೇಳಿದ. ಕೇಳುವಾಗ ಅವಳ ಮುಖ ನೋಡಲಿಲ್ಲ. “ನಾನೂ ಆ ಧೂಳಿನ್ಯಾಗೇ ಇದ್ದೆ ಬಾಯಿ. ನಂಗೂ... ಆಗ್ಬಹುದೇನು?”

“ಎದಿ ಪರೀಕ್ಷಾ ಮಾಡಸ್ಕೋರಿ. ಬೀಡಿ ಸೇದ್ತಿದ್ರ ಬಿಡ್ರಿ. ಮತ್ತ ಮ್ಯಾಲ ಇರೋ ಆ ಇಬ್ಬರನ್ನ ಇವತ್ತೇ ಕೆಳಗ ಇಳಸ್ರಿ.”

*

ಮರುದಿನ ಜಹೀರಾಬಾದಿನ ಪ್ರಯೋಗಾಲಯದಲ್ಲಿ ಸ್ವಾತಿ ಮೂರು ಮಾದರಿಗಳನ್ನು ಬೇರೆ ಬೇರೆ ದಿಕ್ಕಿನ ಮೇಜುಗಳ ಮೇಲೆ ಇಟ್ಟಳು: ಗೋದಾಮಿನ ಚೀಲ, ಕಂಬಳಿಯ ಅಂಚಿನ ಮಡಿಕೆ, ಈ ಮಳೆಗಾಲದ ಉಣ್ಣೆ. ಉಣ್ಣೆ ಬ್ಲೀಚಿನ ಬೆಚ್ಚನೆಯ ದ್ರಾವಣದಲ್ಲಿ ಕರಗಿಹೋಗುತ್ತದೆ; ಕಲ್ನಾರು ಕರಗುವುದಿಲ್ಲ. ಕರಗದೆ ಉಳಿದದ್ದನ್ನು ಸೋಸಿ, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಚೀಲದ್ದು ಬಿಳಿ ಕಲ್ನಾರು. ಅಲೆ ಅಲೆಯಾಗಿ ಸುರುಳಿಗೊಂಡ ಸಣ್ಣ ಎಳೆಗಳು.

ಕಂಬಳಿಯ ಮಡಿಕೆಯಲ್ಲೂ ಅವೇ ಎಳೆಗಳಿದ್ದವು. ಕಡಿಮೆ, ಆದರೆ ಸ್ಪಷ್ಟ.

“ಅಂದ್ರ ಮುಗೀತು,” ಜ್ಞಾನೇಶ್ವರ ಕೈಯುಜ್ಜಿಕೊಂಡ. “ಆ ಮುದುಕಿಗಿ ಫೋನ್ ಮಾಡಿ ಹೇಳೋಣು ತಂಗಿ. ಕಂಬಳಿ ಮನಿ ಬಿಟ್ಟು ಹೊರಗ ಬಂತು. ಸೊಸಿ ನಿಶ್ಚಿಂತಿ.”

“ಇನ್ನೊಂದು ಪಟ್ಟಿ ಉಳದದ ಕಾಕಾ.”

“ಅದು ಬರೇ ಹೋಲಿಕಿಗಿ ತಂದ ಉಣ್ಣಿ. ಅದರಾಗೇನು ನೋಡ್ತಿ?”

“ಏನೂ ಇಲ್ಲ ಅನ್ನೋದನ್ನ ನೋಡಬೇಕು.”

ಅವಳು ಮೂರನೆಯ ಪಟ್ಟಿ ಇಟ್ಟಳು. ನೋಡಿದಳು. ತಲೆಯೆತ್ತಿ, ಬೆಳಕಿನ ಕೋನ ಬದಲಿಸಿ, ಮತ್ತೆ ನೋಡಿದಳು. ಜ್ಞಾನೇಶ್ವರ ಮೇಜಿನ ಹತ್ತಿರ ಬಂದ.

ನೆಟ್ಟನೆಯ, ಬಿರುಸಾದ, ಸೂಜಿಯಂಥ ಎಳೆಗಳು. ಸುರುಳಿಯಿಲ್ಲ. ಬಣ್ಣ ಕಂದು.

“ನಿನ್ನ ಕೈಗವಸಿಗಿ ಹತ್ತಿ ಬಂದದ್ದು ಇರ್ಬಹುದು,” ಎಂದ ಅವನು ಮೆಲ್ಲಗೆ.

“ಕಂಬಳ್ಯಾಗ ಬಿಳಿ ಅದ ಕಾಕಾ. ಗೋದಾಮಿನ್ಯಾಗೂ ಬಿಳಿ. ಕಂದು ಎರಡರಾಗೂ ಇಲ್ಲ. ಅಲ್ಲಿಂದ ಹ್ಯಾಂಗ ಹತ್ತತದ? ಇದು ಹಳೀ ಬಾಯ್ಲರಿಗಿ, ಹಬೆ ಪೈಪಿಗಿ ಸುತ್ತೋ ಮಾಲು. ಮುಚ್ಚಿದ ಫ್ಯಾಕ್ಟರಿಯೊಳಗ ಸಿಗ್ತದ.”

ಹಿಡಿ ಉಣ್ಣೆಯಲ್ಲಿ ಉಳಿದಿದ್ದ ಭಾಗದಿಂದ, ಹೊಸ ಪಾತ್ರೆಯಲ್ಲಿ, ಹೊಸ ದ್ರಾವಣದಲ್ಲಿ ಪರೀಕ್ಷೆಯನ್ನು ಮೊದಲಿನಿಂದ ಮಾಡಿದಳು. ಸಂಜೆಯ ಹೊತ್ತಿಗೆ ಆ ಹೊಸ ಪಟ್ಟಿಯೂ ಅದನ್ನೇ ಹೇಳಿತು.

ಸ್ವಾತಿ ಸರಿತಾಳಿಗೆ ಫೋನ್ ಮಾಡಿದಳು. ಆ ಕಡೆಯಿಂದ ರಾಟಿಯ ಗರಗರ ಕೇಳಿಸುತ್ತಿತ್ತು.

“ಸರಿತಾ, ರಾಟಿ ನಿಲ್ಲಸಾಕ ಹೇಳ್ರಿ. ಈಗಿಂದೀಗಲೇ. ಯಾರೂ ಆ ಉಣ್ಣಿ ಮುಟ್ಟಬ್ಯಾಡ್ರಿ, ಜಾಡಸಬ್ಯಾಡ್ರಿ. ಅತ್ತಿನ ಕರ್ಕೊಂಡು ಹೊರಗ ಬರ್ರಿ, ಆ ಕೋಣಿ ಬಾಗಲಾ ಮುಚ್ರಿ. ನಾ ಹೊರಟೀನಿ.”

ಗರಗರ ನಿಂತಿತು. ಭೀಮವ್ವನ ದನಿ ಕೇಳಿಸಿತು: “ಯಾಕಂತ? ಕೂಸಿನ ನೂಲು ಅರ್ಧಕ್ಕ ಬಿಡಂದ್ರ ಹ್ಯಾಂಗ ಬಿಡ್ಲಿ?” ಆಮೇಲೆ ಕೆಮ್ಮು.

“ಸಿದ್ದರಾಮ ಎಲ್ಲಿದ್ದಾರ?”

“ಕುರಿ ಹೊಡ್ಕೊಂಡು ಹೋಗ್ಯಾನ್ರಿ. ಮತ್ತ ಮಳಿ ಮೋಡ ಆಗ್ಯಾದ, ಅದೇ ಜಾಗಕ್ಕ ಹೋಗಿ ನಿಂದರಸ್ತೀನಿ ಅಂದ.”

“ಯಾವ ಜಾಗ?”

“ಹೇಳಿಲ್ಲಲ್ರಿ. ಫೋನೂ ಹತ್ತವಲ್ದು.”

ಕಿಟಕಿಯ ಹೊರಗೆ ಮೊದಲ ಹನಿಗಳು ಬಿದ್ದವು. ಜ್ಞಾನೇಶ್ವರ ಜೀಪಿನ ಕೀಲಿ ಎತ್ತಿಕೊಂಡ. ಸ್ವಾತಿ ಪಟ್ಟಿಯ ಪಕ್ಕದಲ್ಲಿ ಫಲಿತಾಂಶವನ್ನು ಬರೆದಿಟ್ಟಳು:

ಕಂಬಳಿಯ ಬಿಳಿ ನಾರು ತಾಂಡೂರಿನದು, ಹಳೆಯದು. ಉಣ್ಣೆಯ ಕಂದು ನಾರು ಈ ಮಳೆಗಾಲದ್ದು. ಸಿದ್ದರಾಮನ ಕುರಿಗಳು ಮಲಗುತ್ತಿರುವುದು ಯಾವುದೋ ಮುಚ್ಚಿದ ಕಾರ್ಖಾನೆಯ ಕಲ್ನಾರಿನ ಮೇಲೆ.